ನಲವತ್ತು ವಾರಗಳ ಲೆಕ್ಕ: ತಾಯಿ ಕಾರ್ಡ್ ಓದಲು ಕಲಿಯೋಣ

ಮಗು ಹೊಟ್ಟೆಯಲ್ಲಿರುವಾಗ ಮನೆಯವರು ಲೆಕ್ಕ ಹಾಕುವುದು ತಿಂಗಳಿನಲ್ಲಿ. ಡಾಕ್ಟರು, ನರ್ಸು ಮತ್ತು ಆಶಾ ಕಾರ್ಯಕರ್ತೆ ಲೆಕ್ಕ ಹಾಕುವುದು ವಾರದಲ್ಲಿ. "ಐದು ತಿಂಗಳಾಯಿತು" ಎಂದು ಅಮ್ಮಿ ಹೇಳುತ್ತಾರೆ, "ಎಷ್ಟು ವಾರ?" ಎಂದು ಆಸ್ಪತ್ರೆಯಲ್ಲಿ ಕೇಳುತ್ತಾರೆ. ಎರಡೂ ಒಂದೇ ಎಂದು ನಾವು ತಿಳಿಯುತ್ತೇವೆ. ಆದರೆ ಒಂದೇ ಅಲ್ಲ. ಒಂದು ತಿಂಗಳೊಳಗೆ ನಾಲ್ಕು ವಾರಗಳಿವೆ. ಹೊಟ್ಟೆಯಲ್ಲಿರುವ ಮಗುವಿಗೆ ನಾಲ್ಕು ವಾರ ಎಂದರೆ ಬಹಳ ದೊಡ್ಡ ಕಾಲ. ಕೆಲವು ಪರೀಕ್ಷೆಗಳನ್ನು, ಕೆಲವು ಮಾತ್ರೆಗಳನ್ನು ಆ ವಾರದಲ್ಲೇ ಮಾಡಬೇಕು, ಆ ವಾರದಲ್ಲೇ ಕೊಡಬೇಕು. ವಾರ ತಪ್ಪಿದರೆ ಕೆಲಸವೂ ತಪ್ಪುತ್ತದೆ.

ಇದನ್ನು ಕಾಮರ್ಸ್ ವಿದ್ಯಾರ್ಥಿನಿ ಏಕೆ ಬರೆಯುತ್ತಿದ್ದಾಳೆ ಎಂದು ಸೈನ್ಸ್ ವಿಭಾಗದವರು ಕೇಳಬಹುದು. ನಮಗೆ ಜೀವಶಾಸ್ತ್ರ ಹತ್ತನೇ ತರಗತಿಗೇ ಮುಗಿದುಹೋಗಿದೆ. ಆದರೆ ನಮ್ಮ ಮನೆಗಳಲ್ಲಿ ಆಪಾ, ಭಾಭಿ, ಖಾಲಾ ಇದ್ದಾರೆ. ನನ್ನ ಆಪಾ ಮೊದಲ ಹೆರಿಗೆಗೆ ತವರಿಗೆ ಬಂದಿದ್ದಾರೆ. ನಮ್ಮ ಮನೆಮಾತು ಉರ್ದು. ಅಮ್ಮಿ ಉರ್ದು ಓದಬಲ್ಲರು, ಆದರೆ ತಾಯಿ ಕಾರ್ಡ್ ಇರುವುದು ಕನ್ನಡದಲ್ಲಿ. ಹೀಗಾಗಿ ಕಾರ್ಡ್ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಸರಿಯಾಗಿ ಓದಬೇಕಾದರೆ ಅದರ ಹಿಂದಿನ ವಿಷಯ ತಿಳಿಯಬೇಕಿತ್ತು. ಆಸ್ಪತ್ರೆಯ ನರ್ಸ್, ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಮತ್ತು ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಡಂ ಹೇಳಿಕೊಟ್ಟಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಆಪಾ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನ ಅನೇಕ ಮನೆಗಳಲ್ಲಿ ಕನ್ನಡ ಓದಲು ಬರುವುದು ಕಾಲೇಜಿಗೆ ಹೋಗುವ ಮಗ ಅಥವಾ ಮಗಳಿಗೆ ಮಾತ್ರ. ಆದ್ದರಿಂದ ಈ ಪಾಠ ಹುಡುಗರಿಗೂ ಹುಡುಗಿಯರಿಗೂ ಸೇರಿದ್ದು.

ಲೆಕ್ಕ ಎಲ್ಲಿಂದ ಶುರುವಾಗುತ್ತದೆ?

ಯಾವ ಲೆಕ್ಕಪುಸ್ತಕವಾದರೂ ಆರಂಭದ ದಿನಾಂಕ ಬೇಕು. ತಾಯಿ ಕಾರ್ಡಿನಲ್ಲಿ ಅದು "ಕೊನೆಯ ಮುಟ್ಟಿನ ದಿನಾಂಕ". ಎಂದರೆ ಗರ್ಭ ನಿಲ್ಲುವ ಮೊದಲು ಕೊನೆಯ ಬಾರಿ ಮುಟ್ಟು ಶುರುವಾದ ದಿನ. ಮುಗಿದ ದಿನ ಅಲ್ಲ, ಶುರುವಾದ ದಿನ. ಅಲ್ಲಿಂದ 280 ದಿನ, ಎಂದರೆ ಸರಿಯಾಗಿ 40 ವಾರ.

ಇಲ್ಲಿ ಒಂದು ಆಶ್ಚರ್ಯವಿದೆ. ಗರ್ಭ ನಿಲ್ಲುವುದು ಸಾಮಾನ್ಯವಾಗಿ ಆ ದಿನದಿಂದ ಎರಡು ವಾರಗಳ ನಂತರ. ಹಾಗಾಗಿ ಲೆಕ್ಕದ ಮೊದಲ ಎರಡು ವಾರಗಳಲ್ಲಿ ಮಗುವೇ ಇರುವುದಿಲ್ಲ! ಕಾರ್ಡಿನಲ್ಲಿ 8 ವಾರ ಎಂದು ಬರೆದಿದ್ದರೆ ಮಗುವಿನ ನಿಜವಾದ ವಯಸ್ಸು 6 ವಾರ. ಗರ್ಭ ನಿಂತ ದಿನ ಯಾರಿಗೂ ಖಚಿತವಾಗಿ ಗೊತ್ತಾಗುವುದಿಲ್ಲ, ಮುಟ್ಟಿನ ದಿನ ಗೊತ್ತಿರುತ್ತದೆ. ಗೊತ್ತಿರುವ ದಿನದಿಂದ ಎಣಿಸುವುದು ಕ್ರಮ. ಈ ಲೇಖನದಲ್ಲಿ ಹೇಳುವ ವಾರಗಳೆಲ್ಲ ಈ ಲೆಕ್ಕದವೇ.

ಹೆರಿಗೆಯ ದಿನ ಕಂಡುಹಿಡಿಯಲು ಒಂದು ಸುಲಭ ಸೂತ್ರ ಇದೆ. 19ನೇ ಶತಮಾನದಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಫ್ರಾಂಜ್ ಕಾರ್ಲ್ ನೇಗೆಲೆ ಎಂಬ ವೈದ್ಯರ ಹೆಸರಿನಲ್ಲಿ ಅದು ಪ್ರಸಿದ್ಧವಾಗಿದೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 9 ತಿಂಗಳು ಮತ್ತು 7 ದಿನ ಕೂಡಿಸಬೇಕು. ಉದಾಹರಣೆಗೆ ಆ ದಿನ 2024ರ ಜೂನ್ 10 ಆಗಿದ್ದರೆ, 9 ತಿಂಗಳು ಕೂಡಿಸಿದಾಗ 2025ರ ಮಾರ್ಚ್ 10, ಮತ್ತೆ 7 ದಿನ ಕೂಡಿಸಿದಾಗ ಮಾರ್ಚ್ 17. ನೀವು ಬೇಕಾದರೆ ಕ್ಯಾಲೆಂಡರ್ ಹಿಡಿದು ಎಣಿಸಿ, 280 ದಿನವೇ ಬರುತ್ತದೆ. ಕೆಲವು ತಿಂಗಳುಗಳಲ್ಲಿ ಒಂದೆರಡು ದಿನ ಆಚೀಚೆ ಆಗಬಹುದು.

"ಒಂಬತ್ತು ತಿಂಗಳು ಒಂಬತ್ತು ದಿನ ಹೊತ್ತು ಹೆತ್ತ ತಾಯಿ" ಎಂದು ಕನ್ನಡದಲ್ಲಿ ಹೇಳುತ್ತಾರೆ. ಡಾಕ್ಟರ ಸೂತ್ರ ಒಂಬತ್ತು ತಿಂಗಳು ಏಳು ದಿನ. ನಮ್ಮ ಹಿರಿಯರ ಮಾತಿಗೂ ಸೂತ್ರಕ್ಕೂ ಎರಡೇ ದಿನ ವ್ಯತ್ಯಾಸ! ನಮ್ಮ ನಾನಿಯವರು ಎಣಿಸುವುದು ಚಾಂದಿನ ತಿಂಗಳಲ್ಲಿ. ಚಾಂದಿನ ತಿಂಗಳು 29 ಅಥವಾ 30 ದಿನ. ಆ ಲೆಕ್ಕದಲ್ಲಿ 280 ದಿನ ಎಂದರೆ ಒಂಬತ್ತು ಚಾಂದ್ ಮುಗಿದು ಹತ್ತನೆಯದು ಅರ್ಧ. ಆದ್ದರಿಂದ "ಹತ್ತನೇ ಚಾಂದ್ ಬಂತು, ಇನ್ನೂ ಆಗಲಿಲ್ಲವಲ್ಲ" ಎಂದು ಗಾಬರಿಪಡುವ ಕಾರಣವಿಲ್ಲ.

ತೊಂದರೆ ಬರುವುದು ಬೇರೆ ಕಡೆ. ಕೆಲವರು ಕೊನೆಯ ಮುಟ್ಟಿನಿಂದ ಎಣಿಸುತ್ತಾರೆ, ಕೆಲವರು ಮುಟ್ಟು ನಿಂತ ತಿಂಗಳಿನಿಂದ ಎಣಿಸುತ್ತಾರೆ. ಅಲ್ಲಿಗೇ ನಾಲ್ಕು ವಾರದ ವ್ಯತ್ಯಾಸ ಬಂತು. "ಐದನೇ ತಿಂಗಳು" ಎಂದರೆ ಒಬ್ಬರ ಲೆಕ್ಕದಲ್ಲಿ 18 ವಾರ, ಇನ್ನೊಬ್ಬರ ಲೆಕ್ಕದಲ್ಲಿ 22 ವಾರ. ಆದ್ದರಿಂದ ಆಸ್ಪತ್ರೆಯಲ್ಲಿ ತಿಂಗಳು ಹೇಳಬಾರದು, ದಿನಾಂಕ ಹೇಳಬೇಕು.

ದಿನಾಂಕ ನೆನಪಿಲ್ಲ ಎನ್ನುವವರು ಬಹಳ. ಇದಕ್ಕೆ ನಮ್ಮ ಮನೆಗಳಲ್ಲಿ ಒಂದು ಒಳ್ಳೆಯ ದಾರಿ ಇದೆ. ರಂಜಾನಿನಲ್ಲಿ ಮುಟ್ಟಿನ ದಿನಗಳಲ್ಲಿ ಬಿಟ್ಟ ರೋಜಾಗಳನ್ನು ಆಮೇಲೆ ಕಜಾ ಮಾಡಬೇಕಾದ್ದರಿಂದ ಹೆಂಗಸರು ಆ ಲೆಕ್ಕವನ್ನು ಬಹಳ ಜೋಪಾನವಾಗಿ ಇಡುತ್ತಾರೆ. ಆಪಾ ಅವರಿಗೆ ತಾರೀಕು ನೆನಪಿರಲಿಲ್ಲ, ಆದರೆ ಎಷ್ಟನೇ ರೋಜಾದಿಂದ ಬಿಟ್ಟುಹೋಯಿತು ಎಂಬುದು ನೆನಪಿತ್ತು. ಕ್ಯಾಲೆಂಡರ್ ನೋಡಿ ತಾರೀಕು ತೆಗೆದೆವು. ವರ್ಷದ ಉಳಿದ ಹನ್ನೊಂದು ತಿಂಗಳೂ ಹೀಗೆಯೇ ಕ್ಯಾಲೆಂಡರಿನಲ್ಲಿ ಒಂದು ಸಣ್ಣ ಗುರುತು ಹಾಕಿಟ್ಟರೆ ಸಾಕು.

ಮೊದಲ ಹನ್ನೆರಡು ವಾರ: ಅಡಿಪಾಯ

4 ವಾರ. ಮುಟ್ಟು ಬರಬೇಕಾದ ದಿನ ಬರಲಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಇಲ್ಲಿಗೆ ಬಂದಿರುತ್ತೇವೆ. ಒಂದೇ ಒಂದು ಜೀವಕೋಶವಾಗಿ ಶುರುವಾದದ್ದು ಹಲವಾರು ಬಾರಿ ಒಡೆದು, ಗರ್ಭಕೋಶದ ಗೋಡೆಗೆ ಅಂಟಿಕೊಂಡಿರುತ್ತದೆ. ಮೂತ್ರದ ಪರೀಕ್ಷೆಯಲ್ಲಿ ಗೊತ್ತಾಗುವುದು ಈಗಿನಿಂದ. ಆಶಾ ಕಾರ್ಯಕರ್ತೆಯ ಬಳಿಯೂ ಈ ಪರೀಕ್ಷೆಯ ಕಿಟ್ ಇರುತ್ತದೆ.

5ರಿಂದ 6 ವಾರ. ಮಗು ಎಳ್ಳಿನ ಕಾಳಿನಿಂದ ಮಸೂರ್ ಬೇಳೆಯಷ್ಟಾಗುತ್ತದೆ. ಒಂದು ಸಣ್ಣ ಕೊಳವೆಯಂತಿರುವ ಹೃದಯ ಬಡಿಯಲು ಆರಂಭಿಸುತ್ತದೆ. ಇದೇ ಸಮಯದಲ್ಲಿ ನರನಾಳ ಮುಚ್ಚಿಕೊಳ್ಳುತ್ತದೆ. ಮುಂದೆ ಮೆದುಳು ಮತ್ತು ಬೆನ್ನುಹುರಿ ಆಗುವ ಭಾಗ ಅದು. 6 ವಾರ ಮುಗಿಯುವಷ್ಟರಲ್ಲಿ ಅದು ಪೂರ್ತಿ ಮುಚ್ಚಿರಬೇಕು. ಮುಚ್ಚದೆ ಉಳಿದರೆ ಮಗುವಿನ ಬೆನ್ನುಹುರಿಯಲ್ಲಿ ಅಥವಾ ತಲೆಯಲ್ಲಿ ದೋಷ ಉಳಿಯುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ದೋಷದ ಅಪಾಯವನ್ನು ಬಹಳ ಕಡಿಮೆ ಮಾಡುವ ವಸ್ತು ಫೋಲಿಕ್ ಆಸಿಡ್ ಎಂಬ ಒಂದು ಚಿಕ್ಕ ಮಾತ್ರೆ. ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಅದು ಕೆಲಸ ಮಾಡಬೇಕಾದ್ದು 6ನೇ ವಾರ ಮುಗಿಯುವುದರೊಳಗೆ. ಆದರೆ ಎಷ್ಟೋ ಮನೆಗಳಲ್ಲಿ 6ನೇ ವಾರಕ್ಕೆ ವಿಷಯವೇ ಹೊರಗೆ ಬಂದಿರುವುದಿಲ್ಲ. "ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ನಜರ್ ಆಗುತ್ತದೆ" ಎಂದು ಹಿರಿಯರು ಹೇಳುತ್ತಾರೆ. ಹಿರಿಯರ ಮಾತನ್ನು ಮೀರಬೇಕೆಂದು ನಾನು ಹೇಳುವುದಿಲ್ಲ. ನೆರೆಹೊರೆಗೆ ಹೇಳುವುದು ಬೇಡ, ನೆಂಟರಿಗೆ ಹೇಳುವುದೂ ಬೇಡ. ಆದರೆ ಡಾಕ್ಟರಿಗೆ ಮತ್ತು ಆಶಾ ಕಾರ್ಯಕರ್ತೆಗೆ ಮೊದಲ ತಿಂಗಳೇ ಹೇಳಬೇಕು. ಅವರಿಗೆ ಹೇಳಿದರೆ ನಜರ್ ಆಗುವುದಿಲ್ಲ, ಹೆಸರು ನೋಂದಾಯಿಸಿ ಮಾತ್ರೆ ಕೊಡುತ್ತಾರೆ. ಇನ್ನೂ ಒಳ್ಳೆಯದೆಂದರೆ ಗರ್ಭ ನಿಲ್ಲುವ ಮೊದಲೇ ಈ ಮಾತ್ರೆ ಶುರುಮಾಡುವುದು. ಮದುವೆಯಾದ ಹೊಸದರಲ್ಲಿ ಇದನ್ನು ಡಾಕ್ಟರ ಬಳಿ ಕೇಳಬಹುದು.

8 ವಾರ. ಉದ್ದ ಸುಮಾರು ಒಂದೂವರೆ ಸೆಂಟಿಮೀಟರ್, ಒಂದು ರಾಜ್ಮಾ ಕಾಳಿನಷ್ಟು. ಕೈಕಾಲುಗಳ ಮೊಳಕೆ ಬಂದಿದೆ, ಬೆರಳುಗಳು ಬಾತುಕೋಳಿಯ ಪಾದದಂತೆ ಒಂದಕ್ಕೊಂದು ಅಂಟಿವೆ.

10 ವಾರ. ಉದ್ದ ಸುಮಾರು 3 ಸೆಂಟಿಮೀಟರ್. ಬೆರಳುಗಳು ಬಿಡಿಬಿಡಿಯಾಗಿವೆ. ಮುಖ್ಯ ಅಂಗಗಳೆಲ್ಲದರ ರಚನೆ ಆರಂಭವಾಗಿಬಿಟ್ಟಿದೆ. ಈ ಕಾರಣಕ್ಕೇ ಮೊದಲ ವಾರಗಳಲ್ಲಿ ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನಿಂದ ಯಾವ ಮಾತ್ರೆಯನ್ನೂ ತಂದು ನುಂಗಬಾರದು. ತಲೆನೋವಿನ ಮಾತ್ರೆ ಕೂಡ ಕೇಳಿಯೇ ತೆಗೆದುಕೊಳ್ಳಬೇಕು.

12 ವಾರ. ಒಂದು ನಿಂಬೆಹಣ್ಣಿನ ಉದ್ದ, ಐದಾರು ಸೆಂಟಿಮೀಟರ್. ತೂಕ 14 ಗ್ರಾಂ ಆಸುಪಾಸು. ಉಗುರುಗಳು ಮೂಡುತ್ತಿವೆ. ಕೈಕಾಲು ಆಡಿಸುತ್ತದೆ, ಆದರೆ ತಾಯಿಗೆ ಇನ್ನೂ ತಿಳಿಯುವುದಿಲ್ಲ. ಮೊದಲ ತಪಾಸಣೆ ಈ ವಾರದೊಳಗೆ ಆಗಬೇಕು: ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ರಕ್ತದ ಗುಂಪು, ಮೂತ್ರ, ಸಕ್ಕರೆ. 11ರಿಂದ 13 ವಾರದ ನಡುವೆ ಮಾಡುವ ಸ್ಕ್ಯಾನಿಂಗ್ ದಿನಾಂಕವನ್ನೂ ತಾಳೆ ನೋಡುತ್ತದೆ. ಈ ಹಂತದಲ್ಲಿ ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುವುದರಿಂದ ಉದ್ದ ಅಳೆದರೆ ವಯಸ್ಸು ಗೊತ್ತಾಗುತ್ತದೆ, ತಪ್ಪಿದರೂ ಒಂದು ವಾರದೊಳಗೆ. ಕೊನೆಯ ತಿಂಗಳುಗಳಲ್ಲಿ ಒಂದು ಮಗು ದಪ್ಪ, ಇನ್ನೊಂದು ಸಣ್ಣ. ಆಗ ಮೊದಲ ಬಾರಿ ಸ್ಕ್ಯಾನ್ ಮಾಡಿದರೆ ಲೆಕ್ಕ ಎರಡು ಮೂರು ವಾರ ತಪ್ಪಬಹುದು.

13ರಿಂದ 27 ವಾರ: ನಿಧಾನವಾಗಿ ತುಂಬುವ ತಕ್ಕಡಿ

16 ವಾರ. ತೂಕ ಸುಮಾರು 100 ಗ್ರಾಂ. ಕಿರಾಣಿ ಅಂಗಡಿಯಲ್ಲಿ ಚಹಾಪುಡಿಯ ಒಂದು ಚಿಕ್ಕ ಪ್ಯಾಕೆಟ್ ಕೈಯಲ್ಲಿ ಹಿಡಿದು ನೋಡಿ.

20 ವಾರ. ಅರ್ಧ ದಾರಿ. ತೂಕ ಸುಮಾರು 300 ಗ್ರಾಂ, ತಲೆಯಿಂದ ಹಿಮ್ಮಡಿಯವರೆಗೆ 25 ಸೆಂಟಿಮೀಟರ್. ಮೈಮೇಲೆ ನವಿರಾದ ಕೂದಲು, ಚರ್ಮವನ್ನು ನೀರಿನಿಂದ ಕಾಪಾಡಲು ಬೆಣ್ಣೆಯಂಥ ಬಿಳಿ ಲೇಪ. ಮೊದಲ ಬಾರಿಯ ತಾಯಿಗೆ ಮಗು ಮಿಸುಕುವುದು ತಿಳಿಯುವುದು ಸಾಮಾನ್ಯವಾಗಿ 18ರಿಂದ 20 ವಾರದಲ್ಲಿ. ಎರಡನೆಯ ಬಾರಿಯವರಿಗೆ ಸ್ವಲ್ಪ ಮೊದಲೇ. "ಹೊಟ್ಟೆಯೊಳಗೆ ಚಿಟ್ಟೆ ರೆಕ್ಕೆ ಬಡಿದ ಹಾಗೆ" ಎಂದು ಆಪಾ ಹೇಳಿದರು. ಅಂಗಾಂಗಗಳನ್ನು ಒಂದೊಂದಾಗಿ ನೋಡುವ ದೊಡ್ಡ ಸ್ಕ್ಯಾನಿಂಗ್ 18ರಿಂದ 20 ವಾರದಲ್ಲಿ. ಹೃದಯದ ನಾಲ್ಕು ಕೋಣೆ, ಬೆನ್ನುಹುರಿ, ಮೂತ್ರಪಿಂಡ ಎಲ್ಲ ಕಾಣುವಷ್ಟು ಮಗು ದೊಡ್ಡದಾಗಿರುತ್ತದೆ. ಏನಾದರೂ ತೊಂದರೆ ಕಂಡರೆ ಮುಂದೇನು ಮಾಡಬೇಕು, ಯಾವ ಆಸ್ಪತ್ರೆಯಲ್ಲಿ ಹೆರಿಗೆಯಾಗಬೇಕು ಎಂದು ತೀರ್ಮಾನಿಸಲು ಆಗ ಸಮಯವೂ ಇರುತ್ತದೆ.

20 ವಾರದ ನಂತರ ರಕ್ತದೊತ್ತಡದ ಮೇಲೆ ಕಣ್ಣಿಡಬೇಕು. ಕಾರ್ಡಿನಲ್ಲಿ 140/90 ಅಥವಾ ಅದಕ್ಕಿಂತ ಹೆಚ್ಚು ಎಂದು ಕಂಡರೆ ಡಾಕ್ಟರಿಗೆ ತೋರಿಸದೆ ಮನೆಗೆ ಹಿಂತಿರುಗಬಾರದು.

24 ವಾರ. ಸುಮಾರು 600 ಗ್ರಾಂ. ಚರ್ಮ ಇನ್ನೂ ಕೆಂಪಾಗಿ ಸುಕ್ಕುಸುಕ್ಕಾಗಿದೆ, ಕೆಳಗೆ ಕೊಬ್ಬು ಸೇರಿಲ್ಲ. ಶಬ್ದ ಕೇಳಲು ಶುರುವಾಗಿದೆ. ಹೊರಗೆ ಬಾಗಿಲು ಜೋರಾಗಿ ಬಡಿದರೆ ಬೆಚ್ಚಿಬೀಳುತ್ತದೆ. ಶ್ವಾಸಕೋಶ ಅಂಟಿಕೊಳ್ಳದಂತೆ ಕಾಯುವ ಒಂದು ಜಾರುವ ದ್ರವ ಸ್ವಲ್ಪ ಸ್ವಲ್ಪವೇ ತಯಾರಾಗಲು ಆರಂಭಿಸುತ್ತದೆ. 24ರಿಂದ 28 ವಾರದ ನಡುವೆ ಸಕ್ಕರೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುತ್ತಾರೆ. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಕಳೆದು ರಕ್ತ ನೋಡುತ್ತಾರೆ. 140 ಅಥವಾ ಹೆಚ್ಚು ಬಂದರೆ ಗರ್ಭಿಣಿಯರಿಗೆ ಬರುವ ಸಕ್ಕರೆ ಕಾಯಿಲೆ. ಮೊದಲ ತಪಾಸಣೆಯಲ್ಲಿ ಸರಿಯಾಗಿದ್ದರೂ ಈಗ ಬರಬಹುದು, ಆದ್ದರಿಂದ ಎರಡನೆಯ ಪರೀಕ್ಷೆ ಬೇಡ ಎನ್ನಬಾರದು.

180 ಮಾತ್ರೆಗಳ ಲೆಕ್ಕ

ಮೂರು ತಿಂಗಳು ಕಳೆದ ಮೇಲೆ ಕಬ್ಬಿಣಾಂಶದ ಮಾತ್ರೆ ದಿನಕ್ಕೊಂದರಂತೆ 180 ದಿನ. ಈ 180 ಎಲ್ಲಿಂದ ಬಂತು? 14ನೇ ವಾರದಿಂದ 40ನೇ ವಾರಕ್ಕೆ 26 ವಾರ, ಎಂದರೆ 182 ದಿನ. ಮಾತ್ರೆ 180. ಅಂದರೆ ಮಧ್ಯದಲ್ಲಿ ಬಿಡಲು ಎರಡು ದಿನಕ್ಕಿಂತ ಹೆಚ್ಚು ಅವಕಾಶವೇ ಇಲ್ಲ. ಆರನೇ ತಿಂಗಳಲ್ಲಿ ಶುರುಮಾಡಿದವರಿಗೆ 180 ಮುಗಿಸಲು ಹೆರಿಗೆಗೆ ಮೊದಲು ದಿನಗಳೇ ಸಾಲುವುದಿಲ್ಲ. ತಡವಾಗಿ ನೋಂದಾಯಿಸುವುದರ ನಷ್ಟ ಇಲ್ಲಿ ಅಂಕಿಯಲ್ಲೇ ಕಾಣುತ್ತದೆ.

"ಕಪ್ಪು ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ" ಎಂಬ ಮಾತು ನಮ್ಮ ಬೀದಿಯಲ್ಲೂ ಇದೆ. ಕಪ್ಪಾಗುವುದು ತಾಯಿಯ ಮಲ ಮಾತ್ರ. ಮಗುವಿನ ಬಣ್ಣ ತಂದೆತಾಯಿಯಿಂದ ಬರುತ್ತದೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ. ಹೆರಿಗೆಯಲ್ಲಿ ರಕ್ತ ಹೋದಾಗ ತಡೆದುಕೊಳ್ಳುವ ಶಕ್ತಿ ಇಂಥ ತಾಯಿಗೆ ಇರುವುದಿಲ್ಲ.

ಆಪಾ ಅವರ ಕಾರ್ಡಿನಲ್ಲಿ ಮೊದಲ ಸಲ 9.2 ಎಂದು ಬರೆದಿತ್ತು. ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದರೂ ಮುಂದಿನ ಸಲ ಹೆಚ್ಚಾಗಲಿಲ್ಲ. ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ನರ್ಸ್ ಕೇಳಿದರು. ನಾಷ್ಟಾ ಆದ ಕೂಡಲೇ ಚಾಯ್ ಜೊತೆಗೆ, ಕ್ಯಾಲ್ಸಿಯಂ ಮಾತ್ರೆಯೂ ಆಗಲೇ. ಚಹಾ ಮತ್ತು ಕ್ಯಾಲ್ಸಿಯಂ ಎರಡೂ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ ಎಂದು ಅವರು ತಿಳಿಸಿದರು. ಈಗ ಕಬ್ಬಿಣದ ಮಾತ್ರೆ ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ, ನಿಂಬೆ ನೀರಿನ ಜೊತೆ. ಕ್ಯಾಲ್ಸಿಯಂ ಬೆಳಿಗ್ಗೆ ಮತ್ತು ಮಧ್ಯಾಹ್ನ ಊಟದ ಜೊತೆ. ಕಳೆದ ತಪಾಸಣೆಯಲ್ಲಿ 10.4 ಬಂದಿದೆ. 11ಕ್ಕೆ ಇನ್ನೂ ದಾರಿ ಇದೆ. ಹೆರಿಗೆಗೆ ಈಗ ಒಂಬತ್ತು ವಾರ ಉಳಿದಿದೆ.

ರಂಜಾನ್ ತಿಂಗಳು ನಡುವೆ ಬಂದರೆ, ತನಗೆ ಅಥವಾ ಮಗುವಿಗೆ ತೊಂದರೆಯಾಗುವ ಭಯವಿರುವ ಗರ್ಭಿಣಿ ರೋಜಾ ಬಿಡಲು ನಮ್ಮ ದೀನ್‌ನಲ್ಲಿ ರಿಯಾಯಿತಿ ಇದೆ. ಡಾಕ್ಟರ ಸಲಹೆ ಕೇಳಿ, ಆಲಿಮರ ಬಳಿ ವಿಚಾರಿಸಿ ನಡೆಯಬೇಕು. ಕೊಟ್ಟಿರುವ ರಿಯಾಯಿತಿಯನ್ನು ಉಪಯೋಗಿಸಲು ನಾಚಿಕೆ ಬೇಡ.

28ರಿಂದ 40 ವಾರ: ಪ್ರತಿ ವಾರವೂ ಬೆಲೆಯುಳ್ಳದ್ದು

28 ವಾರ. ತೂಕ ಸುಮಾರು 1 ಕಿಲೋ, ಒಂದು ಸಕ್ಕರೆ ಪ್ಯಾಕೆಟ್. ಕಣ್ಣು ತೆರೆಯುತ್ತದೆ, ಮುಚ್ಚುತ್ತದೆ.
32 ವಾರ. ಸುಮಾರು 1 ಕಿಲೋ 700 ಗ್ರಾಂ.
36 ವಾರ. ಸುಮಾರು ಎರಡೂವರೆ ಕಿಲೋ. ಹೆಚ್ಚಿನ ಮಕ್ಕಳು ತಲೆ ಕೆಳಗಾಗಿ ತಿರುಗಿರುತ್ತವೆ.
40 ವಾರ. ಸುಮಾರು 3 ಕಿಲೋ. ನಮ್ಮ ಕಡೆ ಸ್ವಲ್ಪ ಕಡಿಮೆಯೂ ಇರಬಹುದು. ಹುಟ್ಟಿದಾಗ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಅದನ್ನು ಕಡಿಮೆ ತೂಕದ ಮಗು ಎನ್ನುತ್ತಾರೆ.

ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲ 20 ವಾರದಲ್ಲಿ ಮಗು ಗಳಿಸಿದ್ದು 300 ಗ್ರಾಂ. ಕೊನೆಯ 12 ವಾರದಲ್ಲಿ ಗಳಿಸುವುದು 2 ಕಿಲೋ, ಎಂದರೆ ವಾರಕ್ಕೆ ಸುಮಾರು 170 ಗ್ರಾಂ. ಮೊದಲ ವಾರಗಳಲ್ಲಿ ಅಂಗಗಳು ತಯಾರಾಗುತ್ತವೆ, ಕೊನೆಯ ವಾರಗಳಲ್ಲಿ ಅವು ಬೆಳೆಯುತ್ತವೆ. "ಕೊನೆಯಲ್ಲಿ ಕಡಿಮೆ ತಿಂದರೆ ಮಗು ಸಣ್ಣದಾಗಿ ಹೆರಿಗೆ ಸುಲಭ" ಎನ್ನುವವರು ಈ ಅಂಕಿಗಳನ್ನು ನೋಡಬೇಕು. ಮೆದುಳಿನ ತೂಕ 35ನೇ ವಾರದಲ್ಲಿ, 39 ಅಥವಾ 40ನೇ ವಾರದಲ್ಲಿ ಇರುವುದರ ಮೂರನೇ ಎರಡು ಪಾಲು ಮಾತ್ರ. ಕೊನೆಯ ವಾರಗಳು ಸುಮ್ಮನೆ ಕಾಯುವ ವಾರಗಳಲ್ಲ.

ಇಲ್ಲೊಂದು ಹಳೆಯ ನಂಬಿಕೆಯನ್ನು ಪರೀಕ್ಷಿಸೋಣ. "ಏಳನೇ ತಿಂಗಳಲ್ಲಿ ಹುಟ್ಟಿದ ಮಗು ಬದುಕುತ್ತದೆ, ಎಂಟನೇ ತಿಂಗಳಲ್ಲಿ ಹುಟ್ಟಿದ್ದು ಬದುಕುವುದಿಲ್ಲ" ಎಂದು ನಮ್ಮ ಮನೆಯಲ್ಲೂ, ಪಕ್ಕದ ಹಿಂದೂ ಮನೆಯಲ್ಲೂ ಕೇಳಿದ್ದೇನೆ. ಪ್ರಾಚೀನ ಗ್ರೀಕರ ವೈದ್ಯ ಬರಹಗಳಲ್ಲೂ ಎಂಟು ತಿಂಗಳ ಮಗುವಿನ ಬಗ್ಗೆ ಇಂಥದೇ ಮಾತು ಇದೆಯಂತೆ. ಆದರೆ ಇದು ನಿಜವಲ್ಲ. 28 ವಾರದ ಮಗುವಿಗಿಂತ 30 ವಾರದ ಮಗು, 30ಕ್ಕಿಂತ 32ರದ್ದು, 32ಕ್ಕಿಂತ 34ರದ್ದು ಬದುಕುವ ಸಾಧ್ಯತೆ ಹೆಚ್ಚು. ಹೊಟ್ಟೆಯೊಳಗೆ ಕಳೆದ ಪ್ರತಿ ವಾರವೂ ಲಾಭವೇ. ಈ ನಂಬಿಕೆಯ ಅಪಾಯ ಏನೆಂದರೆ, ಎಂಟನೇ ತಿಂಗಳಲ್ಲಿ ನೋವು ಬಂದಾಗ "ಹೇಗೂ ಉಳಿಯುವುದಿಲ್ಲ" ಎಂದು ಮನೆಯವರು ತಡಮಾಡಬಹುದು. ಆಗ ಒಂದು ಗಂಟೆಯೂ ತಡಮಾಡಬಾರದು. 24ರಿಂದ 34 ವಾರದೊಳಗೆ ಹೆರಿಗೆಯಾಗುವ ಸೂಚನೆ ಇದ್ದರೆ ಮಗುವಿನ ಶ್ವಾಸಕೋಶ ಬೇಗ ಬಲಿಯಲು ತಾಯಿಗೆ ಡೆಕ್ಸಾಮೆಥಾಸೋನ್ ಎಂಬ ಇಂಜೆಕ್ಷನ್ ಕೊಡುತ್ತಾರೆ. 12 ಗಂಟೆಗೊಂದರಂತೆ ನಾಲ್ಕು. ಅದು ಕೆಲಸ ಮಾಡಲು ಸಮಯ ಬೇಕು. ಬೇಗ ಆಸ್ಪತ್ರೆ ತಲುಪಿದರೆ ಮಾತ್ರ ಆ ಸಮಯ ಸಿಗುತ್ತದೆ. ಆಗ ಡಾಕ್ಟರು ಕೇಳುವ ಮೊದಲ ಪ್ರಶ್ನೆ, "ಎಷ್ಟು ವಾರ?" ಕಾರ್ಡಿನಲ್ಲಿ ದಿನಾಂಕ ಸರಿಯಾಗಿದ್ದರೆ ಉತ್ತರ ತಕ್ಷಣ ಸಿಗುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

37 ವಾರಕ್ಕೆ ಮೊದಲು ಹುಟ್ಟಿದರೆ ಅವಧಿಗೆ ಮುಂಚಿನ ಹೆರಿಗೆ. 39 ಮತ್ತು 40ನೇ ವಾರ ಪೂರ್ಣ ಅವಧಿ. ಹೇಳಿದ ದಿನಾಂಕದಂದೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. ಅಕೌಂಟೆನ್ಸಿಯಲ್ಲಿ ನಾವು ಬಿಲ್ಲಿನ ದಿನಾಂಕಕ್ಕೆ ಮೂರು ಗ್ರೇಸ್ ದಿನ ಸೇರಿಸುತ್ತೇವಲ್ಲ, ಇಲ್ಲಿ ಅದಕ್ಕಿಂತ ದೊಡ್ಡ ಅವಕಾಶ ಇದೆ. ಆದರೆ ದಿನ ದಾಟಿದ ಮೇಲೆ ಮನೆಯಲ್ಲಿ ಕೂತು ಕಾಯಬಾರದು, ಆಸ್ಪತ್ರೆಯಲ್ಲಿ ತೋರಿಸಿ ಅವರು ಹೇಳಿದಂತೆ ಕಾಯಬೇಕು.

28 ವಾರದ ನಂತರ ಮಗುವಿನ ಮಿಸುಕಾಟವನ್ನು ತಾಯಿ ದಿನವೂ ಗಮನಿಸಬೇಕು. ಎಂದಿಗಿಂತ ಕಡಿಮೆ ಅನಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಳೆ ನೋಡೋಣ ಎನ್ನಬಾರದು. ರಕ್ತಸ್ರಾವ, ನೀರು ಹೋಗುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಜ್ವರ, ಫಿಟ್ಸ್ ಇವುಗಳಲ್ಲಿ ಯಾವುದು ಬಂದರೂ 108ಕ್ಕೆ ಫೋನ್ ಮಾಡಬೇಕು. ಫೋನ್ ಮಾಡುವವರು ಬಹಳ ಸಲ ಮನೆಯ ತಮ್ಮಂದಿರೇ. ಹುಡುಗರು ಈ ಪಟ್ಟಿಯನ್ನು ಬಾಯಿಪಾಠ ಮಾಡಿಟ್ಟುಕೊಳ್ಳಲಿ.

ಸ್ಕ್ಯಾನಿಂಗ್ ಬಗ್ಗೆ ಎರಡು ಮಾತು

ಹೊಟ್ಟೆಯೊಳಗಿನ ಮಗುವನ್ನು ನೋಡುವ ಈ ವಿದ್ಯೆ ಬಹಳ ಹಳೆಯದೇನಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಎಂಬ ವೈದ್ಯರು, ಕಾರ್ಖಾನೆಗಳಲ್ಲಿ ಲೋಹದ ಬಿರುಕು ಹುಡುಕಲು ಬಳಸುತ್ತಿದ್ದ ಯಂತ್ರವನ್ನು ನೋಡಿ ಅದೇ ತತ್ವವನ್ನು ರೋಗಿಗಳ ಮೇಲೆ ಪ್ರಯೋಗಿಸಿದರು. 1958ರಲ್ಲಿ ಅವರು ಮತ್ತು ಅವರ ಸಂಗಡಿಗರ ಲೇಖನ ಪ್ರಕಟವಾಯಿತು. ಕಿವಿಗೆ ಕೇಳದ ಶಬ್ದದ ಅಲೆ ಒಳಗೆ ಹೋಗಿ, ಬಡಿದು ಹಿಂತಿರುಗಿ ಚಿತ್ರವಾಗುತ್ತದೆ. ಇದರಲ್ಲಿ ಎಕ್ಸ್‌ರೇ ಇಲ್ಲ.

ಬದುಕು ಉಳಿಸಲು ಬಂದ ಯಂತ್ರವನ್ನು ನಮ್ಮ ದೇಶದಲ್ಲಿ ಹೆಣ್ಣುಮಗುವನ್ನು ಹುಟ್ಟುವ ಮೊದಲೇ ಕೊಲ್ಲಲು ಬಳಸಿದ್ದರಿಂದ 1994ರಲ್ಲಿ ಕಾನೂನು ಬಂತು. ಗಂಡೋ ಹೆಣ್ಣೋ ಎಂದು ಹೇಳುವುದು, ಕೇಳುವುದು ಎರಡೂ ಅಪರಾಧ. ಮಗು ಗಂಡೋ ಹೆಣ್ಣೋ ಎಂಬುದು ಗರ್ಭ ನಿಂತ ಕ್ಷಣದಲ್ಲೇ ತಂದೆಯಿಂದ ಬಂದ ಜೀವಕೋಶದಿಂದ ನಿರ್ಧಾರವಾಗಿರುತ್ತದೆ. ಆ ಮೇಲೆ ತಾಯಿ ಏನು ತಿಂದರೂ, ಏನು ಮಾಡಿದರೂ ಬದಲಾಗದು. ಹೆಣ್ಣು ಹುಟ್ಟಿತೆಂದು ಸೊಸೆಯನ್ನು ದೂರುವ ಮನೆಗಳಿಗೆ ಈ ಒಂದು ವಾಕ್ಯ ಓದಿ ಹೇಳಿ.

ಕಾರ್ಡ್ ಕೈಗೆ ಬಂದಾಗ ನೋಡಬೇಕಾದದ್ದು

1. ಕೊನೆಯ ಮುಟ್ಟಿನ ದಿನಾಂಕ ಮತ್ತು ಹೆರಿಗೆಯ ದಿನಾಂಕ ಬರೆದಿದ್ದಾರೆಯೇ? ಸ್ಕ್ಯಾನ್ ವರದಿಯ ದಿನಾಂಕಕ್ಕೂ ಇದಕ್ಕೂ ಒಂದು ವಾರಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಯಾವುದನ್ನು ಹಿಡಿಯಬೇಕೆಂದು ಡಾಕ್ಟರನ್ನು ಕೇಳಿ.
2. ಕನಿಷ್ಠ ನಾಲ್ಕು ತಪಾಸಣೆ: 12 ವಾರದೊಳಗೆ, 14ರಿಂದ 26, 28ರಿಂದ 34, 36ರ ನಂತರ. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಎಂಟು ಬಾರಿ ಎಂದು ಹೇಳುತ್ತಿದೆ.
3. ಪ್ರತಿ ಸಲದ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಹಿಂದಿನದಕ್ಕೆ ಹೋಲಿಸಿ ನೋಡಿ. ಖಾಲಿ ಬಿಟ್ಟ ಜಾಗ ಇದ್ದರೆ ವಿನಯದಿಂದ ಕೇಳಿ.
4. ಟಿ.ಡಿ. ಇಂಜೆಕ್ಷನ್ ಎರಡು, ನಾಲ್ಕು ವಾರಗಳ ಅಂತರದಲ್ಲಿ. ಹಿಂದಿನ ಗರ್ಭದಲ್ಲಿ ಪಡೆದು ಮೂರು ವರ್ಷ ಆಗಿರದಿದ್ದರೆ ಒಂದೇ ಸಾಕು.
5. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಇದು 2016ರಲ್ಲಿ ಆರಂಭವಾದ ಯೋಜನೆ.

ಲೆಕ್ಕ ಮಾಡಿ ನೋಡಿ

ಒಬ್ಬರ ಕೊನೆಯ ಮುಟ್ಟಿನ ಮೊದಲ ದಿನ 2024ರ ಆಗಸ್ಟ್ 20. ಹೆರಿಗೆಯ ದಿನಾಂಕ ಯಾವುದು? 2025ರ ಜನವರಿ 1ರಂದು ಅವರಿಗೆ ಎಷ್ಟು ವಾರ? ಆ ದಿನ ಯಾವ ತಪಾಸಣೆಗೆ ಸಮಯವಾಗಿದೆ?

ಉತ್ತರ: ಹೆರಿಗೆಯ ದಿನಾಂಕ 2025ರ ಮೇ 27. ಜನವರಿ 1ಕ್ಕೆ 134 ದಿನ, ಎಂದರೆ 19 ವಾರ 1 ದಿನ. ಅಂಗಾಂಗ ನೋಡುವ ಸ್ಕ್ಯಾನಿಂಗ್ ಈ ವಾರವೇ ಆಗಬೇಕು.

ಇದು ಬಂತೆಂದರೆ ನಿಮ್ಮ ಮನೆಯ ಕಾರ್ಡ್ ಓದಲು ನಿಮಗೆ ಬಂತು. ಈ ಭಾನುವಾರ ಮನೆಯಲ್ಲೋ ಬೀದಿಯಲ್ಲೋ ಗರ್ಭಿಣಿಯರು ಇದ್ದರೆ ಅವರ ಕಾರ್ಡ್ ಕೇಳಿ ಪಡೆದು, ಮೊದಲ ಪುಟದ ದಿನಾಂಕವನ್ನು ನೋಡಿ, ಇವತ್ತಿಗೆ ಎಷ್ಟು ವಾರ ಎಂದು ಎಣಿಸಿ, ಅವರ ಭಾಷೆಯಲ್ಲಿ ಹೇಳಿ. ಹತ್ತು ನಿಮಿಷದ ಕೆಲಸ.